ಒಂದು ನಿಮಿಷದಲ್ಲಿ ಹೇಳದೆ ಉಳಿದದ್ದು

ತರಬೇತಿಗೆ ಬಂದಿದ್ದ ಸಾಹೇಬರು
ಒಬ್ಬೊಬ್ಬರೇ ಎದ್ದು ನಿಂತು
ಒಂದು ನಿಮಿಷ ನಿಮ್ಮ ಬಗ್ಗೆ ಹೇಳಿ ಅಂದರು.
ನಾನು ಹೆಸರು ಹೇಳಿದೆ, ಊರು ಶಿವಮೊಗ್ಗ ಅಂದೆ,
ಕುರ್ಚಿ ಕಿರ್ ಅಂತು, ಕೂತೆ.
ಇನ್ನೂ ಐವತ್ತು ಸೆಕೆಂಡು ಬಾಕಿ ಇತ್ತು.
ಅದನ್ನು ಇಲ್ಲಿ ಖರ್ಚು ಮಾಡುತ್ತಿದ್ದೇನೆ.

ಹೆಸರು ಸುಲೋಚನ.
ಯಾರೂ ಇಟ್ಟದ್ದಲ್ಲ, ತಾನಾಗಿ ಬಿದ್ದದ್ದು.
ಹುಟ್ಟಿದ ಹನ್ನೊಂದನೇ ದಿನ ಲೆಕ್ಕ ಬರೆಯೋ ನರ್ಸಮ್ಮ
ಮಗೂಗೆ ಏನು ಹೆಸರು ಅಂತ ಬಾಗಿಲಲ್ಲಿ ಕೇಳುವಾಗ
ಒಳಗೆ ಅಜ್ಜ ಚಾಪೆ ಕೊಡವುತ್ತ
'ಸುಲೋಚನ, ನನ್ನ ಸುಲೋಚನ ಎಲ್ಲಿ' ಅಂತ ಕೂಗಾಡುತ್ತಿದ್ದರಂತೆ.
ಅವರು ಹುಡುಕುತ್ತಿದ್ದದ್ದು ಕನ್ನಡಕ.
ಸಿಕ್ಕಿದ್ದು ಸಂಜೆ, ನನ್ನ ತೊಟ್ಟಿಲಲ್ಲಿ,
ಒಂದು ಕಡ್ಡಿ ಮುರಿದು.
ಆರನೇ ಕ್ಲಾಸಿನಿಂದ ನನಗೂ ಕನ್ನಡಕ, ಈಗ ಮೈನಸ್ ಐದೂವರೆ.
ಹೆಸರಿಗೆ ಮೋಸ ಮಾಡಿಲ್ಲ.

ಕೆಲಸ, ಮನೆ ಮನೆಯ ಕರೆಂಟ್ ಮೀಟರ್ ಓದುವುದು.
ಗೋಪಾಳ, ಗಾಡಿಕೊಪ್ಪ, ವಿನೋಬನಗರದಲ್ಲಿ ಅರ್ಧ.
ಮುಖ ನೆನಪಿರುವುದಿಲ್ಲ, ನಂಬರು ಮರೆಯುವುದಿಲ್ಲ.
ಹೋದ ಶುಕ್ರವಾರ ಗಾಂಧಿ ಬಜಾರಿನಲ್ಲಿ ಒಬ್ಬರು ನಕ್ಕರು.
ನೂರಾ ಎಂಬತ್ತೆರಡು ಯೂನಿಟ್, ಬಾಗಿಲ ಹಿಂದೆ ಬಿಳೀ ನಾಯಿ
ಅಂತ ಹೊಳೆಯಿತು. ಹೆಸರು ಇವತ್ತಿಗೂ ಇಲ್ಲ.
ನಾಯಿಗಳಿಗೆ ಸಾರಿ ಹೇಳುವ ಅಭ್ಯಾಸ ಇದೆ.
ಮನುಷ್ಯರಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ, ಮನೆಯಲ್ಲಿ ಕೇಳಿ.

ಎಡಗಾಲಿಗೆ ಆರು, ಬಲಗಾಲಿಗೆ ಐದು.
ಯಾವ ಅಂಗಡಿಯವನೂ ಜೋಡಿ ಮುರಿಯುವುದಿಲ್ಲ.
ಆರನ್ನೇ ಕೊಂಡು ಬಲದ ಬೂಟಿಗೆ ಹತ್ತಿ ತುರುಕುತ್ತೇನೆ,
ಜುಲೈನಲ್ಲಿ ಅದೊಂದೇ ಪಿಚಕ್ ಪಿಚಕ್ ಅನ್ನುತ್ತದೆ.

ತಿಂಗಳಿಗೆ ತೊಂಬತ್ತು ಉರಿಸುತ್ತಿದ್ದ ಮನೆ
ದಿಢೀರನೆ ಇನ್ನೂರು ದಾಟಿದರೆ
ಒಳಗೆ ಬಾಣಂತಿ ಇದ್ದಾಳೆ, ಗೀಸರಿಗೆ ಬಿಡುವಿಲ್ಲ ಅಂತ ಅರ್ಥ.
ಹೊಸಿಲಲ್ಲೇ ಕೇಳಿಬಿಡುತ್ತೇನೆ, ಗಂಡೋ ಹೆಣ್ಣೋ.
ಒಂದೇ ಸಲ ತಪ್ಪಿದ್ದು.
ಅವರು ಮೀನು ಸಾಕಿದ್ದರು, ನೀರು ಬೆಚ್ಚಗಿಡುವ ಮೆಷಿನ್ನು ಸಮೇತ.

ಗಂಡ ತೀರ್ಥೇಶ, ಸಾಗರ ರೋಡಿನಲ್ಲಿ ನಂಬರ್ ಪ್ಲೇಟ್ ಬರೆಯುತ್ತಿದ್ದರು.
ಸರ್ಕಾರದ ಅಚ್ಚಿನ ಪ್ಲೇಟು ಬಂದ ಮೇಲೆ
ಟ್ರೇಲರುಗಳ ಬೆನ್ನಿಗೆ ಬರೆಯುತ್ತಾರೆ.
ಎಂಟನ್ನು ಕುಂಚ ಎತ್ತದೆ ಬರೆಯುವುದು ನೋಡಿಯೇ ನಾನು ಒಪ್ಪಿದ್ದು.
ಅಪ್ಪನಿಗೆ ಮಾತ್ರ, ಮನೆತನ ಒಳ್ಳೇದು ಅಂದಿದ್ದೆ.
ಊಟಕ್ಕೆ ಕೂತರೆ ಅವರು ಕರಿಬೇವನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ,
ನಾನು ಕೈ ಚಾಚಿ ತಿನ್ನುತ್ತೇನೆ.
ಹದಿನೇಳು ವರ್ಷದಲ್ಲಿ ಈ ವಿಷಯ ಮಾತಿಗೆ ಬಂದಿಲ್ಲ.

ಮಗಳು ಇಂಚರ, ಒಂಬತ್ತನೇ ಕ್ಲಾಸು.
ಸ್ಕೂಟಿಯಲ್ಲಿ ತುಂಗಾ ಸೇತುವೆ ದಾಟುವಷ್ಟು ಹೊತ್ತು
ಉಸಿರು ಕಟ್ಟಿಕೊಂಡಿರುತ್ತಾಳೆ.
ಯಾಕೇ ಅಂದರೆ,
'ನೀನೂ ಕಟ್ಕೋತೀಯಲ್ಲ ಅಮ್ಮ, ಬೆನ್ನಿಗೆ ಒರಗಿದ್ರೆ ಗೊತ್ತಾಗುತ್ತೆ.'
ನನಗೆ ಗೊತ್ತಿರಲಿಲ್ಲ.

ನನ್ನ ಮನೆಯ ಮೀಟರ್ ನನ್ನ ಪಾಲಿಗಿಲ್ಲ,
ಅದು ಜಬೀನಾಳ ಏರಿಯಾ.
ಹೋದ ತಿಂಗಳು ಬಿಲ್ಲು ಹರಿದು ಕೊಡುತ್ತ
'ಏನಕ್ಕಾ, ರಾತ್ರಿ ನಿದ್ದೆ ಮಾಡಲ್ವಾ ನಿಮ್ಮನೇಲಿ?' ಅಂದಳು.
ಕಳ್ಳಿಯ ಹಾಗೆ ಒಳಗೆ ಬಂದೆ.
ಅಷ್ಟು ಮನೆ ಓದಿದವಳಿಗೆ ಓದಿಸಿಕೊಂಡು ಅಭ್ಯಾಸವಿಲ್ಲ.

ಜಾಸ್ತಿ ಬಂದ ಹನ್ನೊಂದು ಯೂನಿಟ್
ಅರ್ಧ ನನ್ನದು, ಅರ್ಧ ಅತ್ತೆ ಗಿಡ್ಡಮ್ಮನದು.
ಒಂದು ಗಂಟೆಗೆ ಅವರಿಗೆ ಎಚ್ಚರ, ಅವರ ಕೆಮ್ಮಿಗೆ ನನಗೆ.
ಅಡಿಗೆಮನೆಯಲ್ಲಿ ಹಳೇ ನೂರು ಕ್ಯಾಂಡಲ್ ಬಲ್ಬು
(ಹೊಸ ಬಲ್ಬಿನ ಬೆಳಕು ಅವರಿಗೆ ಆಸ್ಪತ್ರೆ ಅನಿಸುತ್ತದಂತೆ),
ನೆಲದ ಮೇಲೆ ಬಳಪದಲ್ಲಿ ಚೌಕಾಬಾರದ ಮನೆ,
ಒಂದು ಮಗ್ಗುಲು ಉಜ್ಜಿದ ನಾಲ್ಕು ಹುಣಸೆಬೀಜ.
ಹಗಲು ನಮಗೆ ಸಾರಿನ ಉಪ್ಪಿಗೂ ಒಮ್ಮತವಿಲ್ಲ.
ರಾತ್ರಿ, ಒಂಟಿ ಬೀಜ ಬೆಳ್ಳಗೆ ಬಿದ್ದರೆ
ಅವರು ಕಿರುಬೆರಳಲ್ಲಿ ಅದನ್ನು ಮೆಲ್ಲಗೆ ಮಗುಚಿ
'ಬಾರ!' ಅನ್ನುತ್ತಾರೆ, ನನ್ನ ಮುಖ ನೋಡದೆ.

ಅಷ್ಟರಲ್ಲಿ ನಾನು ಕನ್ನಡಕ ತೆಗೆದು
ನೈಟಿಯ ಅಂಚಿನಲ್ಲಿ ಒರೆಸುತ್ತಿರುತ್ತೇನೆ.